ಒಂದೇ ಅಳತೆಯ ಆರು ಅಲಗುಗಳನ್ನು ಕೈಯಿಂದ ಬಡಿಯುವಾಗ ಸಮಾನತೆಯನ್ನು ಸಾಧಿಸುವುದು ಹೇಗೆ?

ಪ್ರಶ್ನೆ: ಶಿಡ್ಲಘಟ್ಟದ ಕುಲುಮೆ

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ತಂದೆಯವರ ಕಾಲದಿಂದ ನಡೆದುಬಂದಿರುವ ಕುಲುಮೆಯನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಕುಡುಗೋಲು, ಮಚ್ಚು, ಗುದ್ದಲಿ, ಹಿಪ್ಪುನೇರಳೆ ಕಡ್ಡಿ ಕತ್ತರಿಸುವ ಕತ್ತಿ, ಇವು ನಮ್ಮ ನಿತ್ಯದ ಕೆಲಸ. ಇವುಗಳಲ್ಲಿ ಒಂದು ಮತ್ತೊಂದರಂತೆಯೇ ಇರಬೇಕೆಂದು ಯಾರೂ ಕೇಳುವುದಿಲ್ಲ; ಒಬ್ಬ ರೈತರಿಗೆ ಒಂದು ಮಚ್ಚು ಅವರ ಕೈಗೆ ಒಗ್ಗಿದರೆ ಸಾಕು.

ಈಗ ಬಂದಿರುವ ಕೆಲಸ ಬೇರೆ ಬಗೆಯದು. ಹತ್ತಿರದ ಚಾಕಿ ಸಾಕಾಣಿಕೆ ಕೇಂದ್ರದವರು, ಅಂದರೆ ಎಳೆಯ ರೇಷ್ಮೆಹುಳುಗಳನ್ನು ಸಾಕುವವರು, ಹಿಪ್ಪುನೇರಳೆ ಸೊಪ್ಪು ಹೆಚ್ಚಲು ಆರು ಕತ್ತಿಗಳನ್ನು ಕೇಳಿದ್ದಾರೆ. ಆರೂ ಒಂದೇ ಉದ್ದ, ಒಂದೇ ತೂಕ, ಒಂದೇ ಬಾಗು ಇರಬೇಕು ಎಂಬುದು ಅವರ ಷರತ್ತು, ಮತ್ತು ಅದಕ್ಕೆ ಅವರು ಕೊಟ್ಟ ಕಾರಣ ನನಗೆ ಒಪ್ಪಿಗೆಯಾಯಿತು. ಮೊದಲ ಹಂತದ ಹುಳುವಿಗೆ ಅರ್ಧದಿಂದ 2 ಚದರ ಸೆಂಟಿಮೀಟರ್, ಎರಡನೆಯ ಹಂತದ ಹುಳುವಿಗೆ 2ರಿಂದ 4 ಚದರ ಸೆಂಟಿಮೀಟರ್ ಅಳತೆಯ ಸೊಪ್ಪಿನ ಚೂರುಗಳು ಬೇಕು. ಆ ಅಳತೆ ಕೆಲಸಗಾರರ ಕೈಯ ಲಯದಿಂದ ಬರುತ್ತದೆಯೇ ಹೊರತು ಕಣ್ಣಿನಿಂದಲ್ಲ. ಸಾಣೆಗೆ ಹೋದ ಕತ್ತಿಯ ಬದಲು ಪಕ್ಕದವರ ಕತ್ತಿಯನ್ನು ಎತ್ತಿಕೊಂಡಾಗ ಅದು ಹಗುರವಾಗಿಯೋ ಮುಂಭಾರವಾಗಿಯೋ ಇದ್ದರೆ ಲಯ ತಪ್ಪುತ್ತದೆ, ಚೂರಿನ ಅಳತೆಯೂ ತಪ್ಪುತ್ತದೆ.

ಅಲಗಿನ ಉದ್ದ 200 ಮಿ.ಮೀ., ಅಗಲ 40 ಮಿ.ಮೀ., ಬೆನ್ನಿನ ದಪ್ಪ 4 ಮಿ.ಮೀ., ಹದ ಕೊಡುವ (ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡುವ) ಮುನ್ನ ಬಾಯಿಯ, ಅಂದರೆ ಕತ್ತರಿಸುವ ಅಂಚಿನ, ದಪ್ಪ 1 ಮಿ.ಮೀ. ಎಂದು ಮಾತಾಗಿದೆ. ಹಿಡಿಯೊಳಗೆ ಹೋಗುವ ಬಾಲ ಸುಮಾರು 100 ಮಿ.ಮೀ. ಉದ್ದವಿರುತ್ತದೆ. ಗುಜರಿಯಲ್ಲಿ ಸಿಗುವ ಲಗೇಜ್ ಗಾಡಿಯ ಸ್ಪ್ರಿಂಗ್ ಪಟ್ಟಿಯನ್ನು ನೇರ ಮಾಡಿ, 25 ಮಿ.ಮೀ. ಅಗಲ ಮತ್ತು 6 ಮಿ.ಮೀ. ದಪ್ಪಕ್ಕೆ ಸೀಳಿಕೊಂಡು ಬಳಸುತ್ತೇನೆ.

ನನ್ನ ತೊಡಕು ಇದು. ಒಂದೊಂದು ಅಲಗನ್ನೂ ಬೇರೆಯಾಗಿ ನೋಡಿದರೆ ಕೊರತೆ ಕಾಣುವುದಿಲ್ಲ. ಸಾಲಾಗಿ ಇಟ್ಟರೆ ಒಂದು ಉದ್ದ, ಒಂದು ಅಗಲ, ಒಂದರ ಬೆನ್ನು ನೇರ, ಇನ್ನೊಂದರ ಬೆನ್ನು ಬಾಗಿದ್ದು. ಲೇಸರ್ ಯಂತ್ರದಲ್ಲಿ ಕತ್ತರಿಸಿ ತಂದರೆ ಮುಗಿಯಿತು ಎಂದು ಕೆಲವರು ಸಲಹೆ ಕೊಟ್ಟರು. ಆ ದಾರಿ ನನಗೆ ಬೇಡ. ಕೈಯಿಂದ ಬಡಿದೇ ಸಮಾನತೆಯನ್ನು ತರಲು ಏನನ್ನು, ಯಾವ ಕ್ರಮದಲ್ಲಿ ಅಭ್ಯಾಸ ಮಾಡಬೇಕು ಎಂಬುದನ್ನು ಅನುಭವಿಗಳು ವಿವರವಾಗಿ ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಉತ್ತರ: ತಿಪಟೂರು ಇದ್ದಿಲು

ನಿಮ್ಮ ಪ್ರಶ್ನೆಯನ್ನು ಓದಿ ಸಂತೋಷವಾಯಿತು. ತೆಂಗಿನಕಾಯಿ ಕೆಲಸಕ್ಕೆ ಬೇಕಾದ ಮಚ್ಚುಗಳನ್ನು ಬಡಿಯುವುದರಲ್ಲಿಯೇ ನನ್ನ ಬದುಕಿನ ಬಹುಪಾಲು ಕಳೆದಿದೆ. ತೋಟದ ಮಾಲೀಕರು ಕೆಲಸಗಾರರಿಗೆಲ್ಲ ಒಂದೇ ಬಗೆಯ ಮಚ್ಚು ಬೇಕೆಂದು ಕೇಳುವುದು ನಮ್ಮ ಕಡೆಯೂ ಇದೆ, ಆದ್ದರಿಂದ ಈ ವಿಷಯದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಅಲಗುಗಳು ಒಂದರಂತೆ ಒಂದು ಇರುವುದೋ ಇಲ್ಲವೋ ಎಂಬುದು ಸುತ್ತಿಗೆ ಎತ್ತುವ ಮೊದಲೇ ಮುಕ್ಕಾಲು ಭಾಗ ತೀರ್ಮಾನವಾಗಿರುತ್ತದೆ. ತುಂಡುಗಳು ಸಮನಾಗಿಲ್ಲದಿದ್ದರೆ ಎಷ್ಟು ನಿಪುಣವಾದ ಕೈಯೂ ಅಲಗುಗಳನ್ನು ಸಮ ಮಾಡಲಾರದು.

ಮೊದಲು ಆರೂ ತುಂಡುಗಳನ್ನು ಒಂದೇ ಪಟ್ಟಿಯಿಂದ ತೆಗೆಯಿರಿ. ಗುಜರಿಯ ಎರಡು ಪಟ್ಟಿಗಳು ನೋಡಲು ಒಂದೇ ತರಹ ಇದ್ದರೂ ಉಕ್ಕು ಬೇರೆಯಾಗಿರಬಹುದು. ಒಂದು ಸುತ್ತಿಗೆಗೆ ಬೇಗ ಬಗ್ಗುತ್ತದೆ, ಇನ್ನೊಂದು ಹಟ ಹಿಡಿಯುತ್ತದೆ, ಹದ ಕೊಡುವಾಗಲಂತೂ ವ್ಯತ್ಯಾಸ ಮತ್ತಷ್ಟು ಎದ್ದು ಕಾಣುತ್ತದೆ. ಬಹಳ ಓಡಿದ ಗಾಡಿಯ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳೂ ಇರುತ್ತವೆ. ಆರು ಕತ್ತಿಗಳ ಕೆಲಸಕ್ಕೆ ಹೊಸ ಪಟ್ಟಿಯನ್ನೇ ಕೊಳ್ಳುವುದು ಲೇಸು. ಸ್ಪ್ರಿಂಗ್ ಜೋಡಿಸುವ ಅಂಗಡಿಗಳಲ್ಲಿ ಹೊಸ ಪಟ್ಟಿಯ ತುದಿ ತುಂಡುಗಳು ಸಿಗುತ್ತವೆ, ವಿಚಾರಿಸಿ ನೋಡಿ.

ಎರಡನೆಯದಾಗಿ, ತುಂಡುಗಳನ್ನು ಅಳತೆಯಿಂದ ಕತ್ತರಿಸಿದ ಮೇಲೆ ತೂಕಕ್ಕೆ ಹಾಕಿರಿ. ಸೀಳಿದ ಪಟ್ಟಿಯ ಅಗಲ ಒಂದೊಂದು ಕಡೆ ಒಂದೊಂದು ತರಹ ಇರುವುದರಿಂದ ಉದ್ದ ಒಂದೇ ಇದ್ದರೂ ತೂಕ ಒಂದೇ ಇರುವುದಿಲ್ಲ. ಅಡುಗೆಮನೆಯಲ್ಲಿ ಬಳಸುವ ಡಿಜಿಟಲ್ ತೂಕದ ಯಂತ್ರವೇ ಇದಕ್ಕೆ ಸಾಕು. ಹೆಚ್ಚಾದ ತುಂಡನ್ನು ಗ್ರೈಂಡರ್‌ನಲ್ಲಿ ಸವರಿ ಎಲ್ಲವನ್ನೂ ಒಂದು ಗ್ರಾಂ ಒಳಗಿನ ವ್ಯತ್ಯಾಸಕ್ಕೆ ತಂದ ಮೇಲೆಯೇ ಕುಲುಮೆ ಹಚ್ಚಿರಿ.

ಮೂರನೆಯದು ಕಾವು, ಮತ್ತು ಬಹಳ ಜನ ಎಡವುವುದು ಇಲ್ಲಿಯೇ. ಪ್ರತಿ ಸಲ ಕಾಯಿಸಿದಾಗಲೂ ಉಕ್ಕಿನ ಮೈಯಿಂದ ಕಪ್ಪು ಪೊರೆ ಎದ್ದು ಉದುರುತ್ತದೆ, ಅದರೊಂದಿಗೆ ತೂಕವೂ ಹೋಗುತ್ತದೆ. ಒಂದು ಅಲಗು ಎಂಟು ಕಾವಿನಲ್ಲಿ ಮುಗಿದು ಇನ್ನೊಂದು ಹದಿನಾಲ್ಕು ಕಾವು ತೆಗೆದುಕೊಂಡರೆ, ಸಮನಾಗಿ ಹೊರಟ ತುಂಡುಗಳೂ ಸಮನಾಗಿ ಮುಗಿಯುವುದಿಲ್ಲ. ಆದ್ದರಿಂದ ಯಾವ ಕೆಲಸಕ್ಕೆ ಎಷ್ಟು ಕಾವು ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಬಾಲ ಎಳೆಯಲು ಎರಡು, ಮೊನೆ ತಿದ್ದಲು ಒಂದು, ಅಗಲಕ್ಕೆ ಹರಡಲು ಮೂರು, ಬಾಯಿ ಇಳಿಸಲು ಮೂರು, ನೇರ ಮಾಡಲು ಒಂದು ಎಂಬಂತೆ ನಿಮ್ಮ ಕೈಗೆ ತಕ್ಕ ಲೆಕ್ಕವನ್ನು ಸುಣ್ಣದ ಕಡ್ಡಿಯಿಂದ ಗೋಡೆಯ ಮೇಲೆ ಬರೆದಿಡಿ. ಪ್ರತಿ ಕಾವಿನಲ್ಲಿ ಎಷ್ಟು ಪೆಟ್ಟು ಬಿತ್ತು ಎಂದೂ ಎಣಿಸುವ ಅಭ್ಯಾಸ ಮಾಡಿಕೊಂಡರೆ ಒಳ್ಳೆಯದು.

ಒಂದೇ ಸಲಕ್ಕೆ ಬೆಂಕಿಯಲ್ಲಿ ಎರಡಕ್ಕಿಂತ ಹೆಚ್ಚು ತುಂಡು ಇಡಬೇಡಿ. ಒಂದು ಅಡಿಗಲ್ಲಿನ ಮೇಲಿರುವಾಗ ಇನ್ನೊಂದು ಕಾಯುತ್ತಿರಲಿ, ಅಷ್ಟೆ. ಮೂರನೆಯದನ್ನು ಇಟ್ಟರೆ ಅದು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬೆಂಕಿಯಲ್ಲಿ ಕೂರುತ್ತದೆ, ಪೊರೆ ದಪ್ಪವಾಗುತ್ತದೆ, ಮೈಮೇಲಿನ ಇಂಗಾಲ ಸುಟ್ಟುಹೋಗಿ ಮೇಲ್ಪದರ ಮೆತ್ತಗಾಗುತ್ತದೆ. ಕಿತ್ತಳೆ ಬಣ್ಣ ದಾಟಿ ಹಳದಿಗೆ ತಿರುಗುವ ಮೊದಲು ಹೊರಗೆ ತೆಗೆಯಿರಿ, ಮಂಕು ಕೆಂಪಿಗೆ ಇಳಿದೊಡನೆ ಬಡಿಯುವುದನ್ನು ನಿಲ್ಲಿಸಿರಿ. ಇನ್ನೆರಡು ಪೆಟ್ಟು ಹಾಕಿಬಿಡೋಣ ಎಂಬ ಆಸೆಯಿಂದ ತಣ್ಣಗಾದ ಸ್ಪ್ರಿಂಗ್ ಉಕ್ಕನ್ನು ಬಡಿದರೆ ಒಳಗೆ ಬಿರುಕು ಹುಟ್ಟುತ್ತದೆ, ಅದು ಹದ ಕೊಡುವ ದಿನ ಹೊರಗೆ ಬರುತ್ತದೆ.

ಇದ್ದಿಲಿನ ವಿಷಯದಲ್ಲಿ ಒಂದು ಮಾತು. ನಾನು ಬಳಸುವುದು ತೆಂಗಿನ ಚಿಪ್ಪಿನ ಇದ್ದಿಲು. ಹೊತ್ತಿಕೊಳ್ಳಲು ತಡ ಮಾಡಿದರೂ ಹೊತ್ತಿದ ಮೇಲೆ ಕಾವು ಒಂದೇ ಸಮನಾಗಿ ನಿಲ್ಲುತ್ತದೆ, ಬೂದಿಯೂ ಕಡಿಮೆ. ನೀವು ಯಾವುದನ್ನು ಬಳಸಿದರೂ ಆರು ಅಲಗು ಮುಗಿಯುವವರೆಗೆ ಅದನ್ನೇ ಬಳಸಿ, ತುಂಡುಗಳನ್ನು ಒಂದೇ ಗಾತ್ರಕ್ಕೆ ಒಡೆದುಕೊಳ್ಳಿ, ಬ್ಲೋವರ್‌ನ ಗಾಳಿಯನ್ನು ಒಂದೇ ಮಟ್ಟದಲ್ಲಿ ಇಡಿ.

ಉತ್ತರ: ಕೆಜಿಎಫ್ ಗೇಜು

ನಾನು ಕಮ್ಮಾರನಲ್ಲ. ಕೆಜಿಎಫ್‌ನ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ದುಡಿದು ನಿವೃತ್ತನಾದ ಮೇಲೆ ಮನೆಯ ಹಿಂದೆ ಸಣ್ಣ ಕುಲುಮೆ ಹಾಕಿಕೊಂಡಿದ್ದೇನೆ. ತಿಪಟೂರಿನ ಹಿರಿಯರು ಹೇಳಿರುವುದೆಲ್ಲವೂ ಸರಿ. ಅದಕ್ಕೆ ಲೆಕ್ಕ ಮತ್ತು ಅಳತೆಯ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ.

ತುಂಡಿನ ಉದ್ದವನ್ನು ಅಂದಾಜಿನಿಂದ ಗೊತ್ತು ಮಾಡುವ ಅಗತ್ಯವಿಲ್ಲ. ನಿಮ್ಮ ಅಲಗಿನ ಬೆನ್ನು 4 ಮಿ.ಮೀ., ಬಾಯಿ 1 ಮಿ.ಮೀ. ಇರುವುದರಿಂದ ಸರಾಸರಿ ದಪ್ಪ 2.5 ಮಿ.ಮೀ. ಆಗುತ್ತದೆ. ಮೊನೆಯ ಇಳಿಜಾರನ್ನು ಲೆಕ್ಕಕ್ಕೆ ಹಿಡಿಯದಿದ್ದರೆ 200, 40, 2.5 ಇವುಗಳನ್ನು ಗುಣಿಸಿದಾಗ 20 ಘನ ಸೆಂಟಿಮೀಟರ್. ಬಾಲವನ್ನು ಸರಾಸರಿ 12 ಮಿ.ಮೀ. ಅಗಲ, 5 ಮಿ.ಮೀ. ದಪ್ಪ ಎಂದುಕೊಂಡರೆ ಇನ್ನು 6 ಘನ ಸೆಂಟಿಮೀಟರ್. ಉಕ್ಕು ಒಂದು ಘನ ಸೆಂಟಿಮೀಟರಿಗೆ 7.85 ಗ್ರಾಂ ತೂಗುವುದರಿಂದ ಒಟ್ಟು ಸುಮಾರು 204 ಗ್ರಾಂ. ಪೊರೆಯಾಗಿ ಹೋಗುವುದಕ್ಕೆಂದು ನೂರಕ್ಕೆ ಐದರಷ್ಟು ಸೇರಿಸಿದರೆ 214 ಗ್ರಾಂ ಆಯಿತು. ನಿಮ್ಮ ಪಟ್ಟಿ ಒಂದು ಸೆಂಟಿಮೀಟರ್ ಉದ್ದಕ್ಕೆ 11.8 ಗ್ರಾಂ ಬರುತ್ತದೆ, ಆದ್ದರಿಂದ ಪ್ರತಿ ತುಂಡೂ 18.2 ಸೆಂಟಿಮೀಟರ್ ಇರಬೇಕು.

ಈ ಲೆಕ್ಕದಿಂದ ಇನ್ನೊಂದು ಸಂಗತಿ ತಿಳಿಯುತ್ತದೆ. ಕತ್ತರಿಸುವಾಗ ತುಂಡು 2 ಮಿ.ಮೀ. ಹೆಚ್ಚಾದರೆ ಅದು ಮುಗಿದ ಅಲಗಿನಲ್ಲಿ 2 ಮಿ.ಮೀ. ಆಗಿ ಉಳಿಯುವುದಿಲ್ಲ, ಪಟ್ಟಿಯ ಅಡ್ಡಕೊಯ್ತ 150 ಚದರ ಮಿ.ಮೀ. ಇದ್ದದ್ದು ಅಲಗಿನಲ್ಲಿ 100ಕ್ಕೆ ಇಳಿಯುವುದರಿಂದ 3 ಮಿ.ಮೀ. ಆಗಿ ಬೆಳೆಯುತ್ತದೆ. ಕತ್ತರಿಸುವಲ್ಲಿ ಬಿಟ್ಟ ತಪ್ಪನ್ನು ಸುತ್ತಿಗೆ ಹಿಗ್ಗಿಸುತ್ತದೆ. ಅದಕ್ಕೇ ಚಾಣದಿಂದ ಕಡಿಯುವ ಬದಲು ಕಟಿಂಗ್ ವೀಲ್ ಬಳಸಿರಿ, ಮತ್ತು ಬಾಲ ಎಲ್ಲಿ ಆರಂಭವಾಗಬೇಕೋ ಅಲ್ಲಿ ಪಂಚಿನಿಂದ ಚುಕ್ಕೆ ಹೊಡೆಯಿರಿ. ಸುಣ್ಣದ ಗೆರೆ ಬೆಂಕಿಯಲ್ಲಿ ಅಳಿದುಹೋಗುತ್ತದೆ, ಪಂಚಿನ ಚುಕ್ಕೆ ಕೆಂಪಗೆ ಕಾದಾಗಲೂ ಕಾಣುತ್ತದೆ.

ಕಾದ ಅಲಗನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆಯಲು ಹೋಗಬೇಡಿ. ಉಪಕರಣವೂ ಹಾಳು, ಕಾವೂ ವ್ಯರ್ಥ. 2 ಮಿ.ಮೀ. ದಪ್ಪದ ತಗಡಿನಲ್ಲಿ ನೀವೇ ಗೇಜುಗಳನ್ನು ಮಾಡಿಕೊಳ್ಳಿ. ಒಂದು ತಗಡಿನ ಅಂಚಿನಲ್ಲಿ ಬೆನ್ನಿಗೆ ಎರಡು ಸೀಳು ಇರಲಿ, ಒಂದು 4.2 ಮಿ.ಮೀ., ಇನ್ನೊಂದು 3.8 ಮಿ.ಮೀ. ದೊಡ್ಡ ಸೀಳಿನೊಳಗೆ ಬೆನ್ನು ಹೋಗಬೇಕು, ಸಣ್ಣದರೊಳಗೆ ಹೋಗಬಾರದು. ಹಾಗಿದ್ದರೆ ದಪ್ಪ ಸರಿಯಾಗಿದೆ ಎಂದರ್ಥ, ಅಂಕಿ ಓದುವ ಅಗತ್ಯವೇ ಇಲ್ಲ. ಅಗಲಕ್ಕೂ ಇದೇ ರೀತಿಯ ಒಂದು ಬಾಯಿ ಕತ್ತರಿಸಿಕೊಳ್ಳಿ. ಉದ್ದಕ್ಕೆ ಮಾತ್ರ ಒಂದು ಎಚ್ಚರಿಕೆ ಬೇಕು. 900 ಡಿಗ್ರಿಯ ಸುಮಾರಿನಲ್ಲಿ ಉಕ್ಕು ತನ್ನ ಉದ್ದದ ನೂರಕ್ಕೆ ಒಂದರಷ್ಟು, ಅದಕ್ಕಿಂತ ತುಸು ಹೆಚ್ಚೇ, ಹಿಗ್ಗಿರುತ್ತದೆ. ಅಂದರೆ 200 ಮಿ.ಮೀ. ಆಗಬೇಕಾದ ಅಲಗು ಕೆಂಪಗಿರುವಾಗ 202 ಮಿ.ಮೀ. ಮೀರಿ ತೋರಬೇಕು. ಕೆಂಪಗಿರುವಾಗ ಒಂದನ್ನು ಅಳೆದು ಆರಿದ ಮೇಲೆ ಇನ್ನೊಂದನ್ನು ಅಳೆದರೆ ಸಮ ಎಂದುಕೊಂಡ ಎರಡು ಅಲಗುಗಳಲ್ಲಿ 2 ಮಿ.ಮೀ. ವ್ಯತ್ಯಾಸ ಉಳಿಯುತ್ತದೆ. ದಪ್ಪದಲ್ಲಿ ಈ ಹಿಗ್ಗು ಎಷ್ಟು ಸಣ್ಣದೆಂದರೆ ಅದನ್ನು ಬಿಟ್ಟುಬಿಡಬಹುದು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮಾದರಿ ಅಲಗು. ಮೊದಲು ಒಂದನ್ನು ಸಾವಧಾನವಾಗಿ, ಅಳತೆಗೆ ಸರಿಯಾಗಿ ಬಡಿದು ಮುಗಿಸಿ, ಅದನ್ನು ಅಡಿಗಲ್ಲಿನ ಪಕ್ಕದ ಗೋಡೆಗೆ ನೇತುಹಾಕಿ. ಎರಡನೆಯದನ್ನೂ ಅದಕ್ಕೇ ಹೋಲಿಸಿ, ಆರನೆಯದನ್ನೂ ಅದಕ್ಕೇ ಹೋಲಿಸಿ. ಎರಡನೆಯದಕ್ಕೆ ಮೂರನೆಯದನ್ನು, ಮೂರನೆಯದಕ್ಕೆ ನಾಲ್ಕನೆಯದನ್ನು ಹೋಲಿಸುತ್ತಾ ಹೋದರೆ ಪ್ರತಿ ಹೆಜ್ಜೆಯಲ್ಲಿ ಅರ್ಧ ಮಿ.ಮೀ. ಸರಿದರೂ ಕಣ್ಣಿಗೆ ತಿಳಿಯುವುದಿಲ್ಲ, ಕೊನೆಗೆ ಮೊದಲನೆಯದನ್ನೂ ಆರನೆಯದನ್ನೂ ಅಕ್ಕಪಕ್ಕ ಇಟ್ಟಾಗ ಅವು ಬೇರೆ ಬೇರೆ ಕೈಯ ಕೆಲಸದಂತೆ ಕಾಣುತ್ತವೆ. ನಿಮ್ಮ ಅಲಗುಗಳನ್ನು ಸಾಲಾಗಿ ಇಟ್ಟಾಗ ಮಾತ್ರ ವ್ಯತ್ಯಾಸ ಕಾಣುತ್ತಿರುವುದಕ್ಕೆ ಇದೇ ಕಾರಣವಿರಬೇಕೆಂದು ನನ್ನ ಊಹೆ.

ಉಕ್ಕಿನ ಬಗ್ಗೆಯೂ ಒಂದು ವಿವರ. ಸ್ಪ್ರಿಂಗ್ ಪಟ್ಟಿಗೆ ಬಳಸುವ ಉಕ್ಕುಗಳಲ್ಲಿ ಇಎನ್ 45 ಎಂಬುದು ಸಿಲಿಕಾನ್ ಮತ್ತು ಮ್ಯಾಂಗನೀಸ್ ಬೆರೆತದ್ದು, ಇಎನ್ 47 ಎಂಬುದು ಕ್ರೋಮಿಯಂ ಮತ್ತು ವನೇಡಿಯಂ ಬೆರೆತದ್ದು. ಹೊರನೋಟಕ್ಕೆ ಅವೆರಡನ್ನೂ ಬೇರ್ಪಡಿಸಲಾಗದು. ಒಂದೇ ಪಟ್ಟಿಯಿಂದ ಎಲ್ಲ ತುಂಡುಗಳನ್ನೂ ತೆಗೆಯಿರಿ ಎಂದು ಹಿರಿಯರು ಹೇಳಿದ ಮಾತಿನ ಹಿಂದೆ ಈ ಕಾರಣವಿದೆ.

ಶಿಡ್ಲಘಟ್ಟದ ಕುಲುಮೆ

ತಿಪಟೂರಿನ ಹಿರಿಯರಿಗೂ ಕೆಜಿಎಫ್ ಅಣ್ಣನವರಿಗೂ ಕೃತಜ್ಞತೆಗಳು. ಗೇಜು ಮಾಡಿಕೊಳ್ಳಲು ತಗಡು ತಂದಿದ್ದೇನೆ. ಇನ್ನೆರಡು ಸಂದೇಹಗಳು ಉಳಿದಿವೆ. ಒಂದು ಅಲಗನ್ನು ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗಬೇಕೇ, ಅಥವಾ ಆರಕ್ಕೂ ಬಾಲ ಎಳೆದು, ನಂತರ ಆರಕ್ಕೂ ಮೊನೆ ತಿದ್ದಿ, ಹೀಗೆ ಹಂತ ಹಂತವಾಗಿ ಸಾಗಬೇಕೇ? ಹಾಗೆಯೇ, ಬಾಯಿಯನ್ನು ತೆಳ್ಳಗೆ ಇಳಿಸುವಾಗ ಅಲಗು ಬೆನ್ನಿನ ಕಡೆಗೆ ಬಾಗುತ್ತದೆ, ಮತ್ತು ಆ ಬಾಗು ಒಂದೊಂದರಲ್ಲಿ ಒಂದೊಂದು ಪ್ರಮಾಣದಲ್ಲಿ ಬರುತ್ತದೆ. ಇದನ್ನು ಹಿಡಿತದಲ್ಲಿಡುವ ಬಗೆ ಯಾವುದು?

ಉತ್ತರ: ಮಾಲೂರು ಜೇಡಿಮಣ್ಣು

ಎರಡೂ ಪ್ರಶ್ನೆಗಳಿಗೆ ನನ್ನ ಅನುಭವದಿಂದ ಉತ್ತರಿಸುತ್ತೇನೆ. ಮೊದಲು ಬಾಗಿನ ವಿಷಯ, ಏಕೆಂದರೆ ಅದರ ಕಾರಣ ತಿಳಿದರೆ ಉಳಿದದ್ದು ಸುಲಭವಾಗುತ್ತದೆ. ಬಾಯಿಯ ಕಡೆ ಬಡಿದಾಗ ಅಲ್ಲಿನ ಉಕ್ಕು ತೆಳ್ಳಗಾಗಿ ಅಗಲಕ್ಕಷ್ಟೇ ಅಲ್ಲದೆ ಉದ್ದಕ್ಕೂ ಸಾಗುತ್ತದೆ. ಬೆನ್ನು ಮೊದಲಿದ್ದಷ್ಟೇ ಉದ್ದ ಉಳಿಯುತ್ತದೆ. ಒಂದು ಅಂಚು ಉದ್ದವಾಗಿ ಇನ್ನೊಂದು ಉದ್ದವಾಗದಿದ್ದರೆ ಅಲಗು ಗಿಡ್ಡವಾದ ಕಡೆಗೆ ಬಾಗದೆ ಬೇರೆ ದಾರಿಯಿಲ್ಲ.

ಇದಕ್ಕೆ ಎರಡು ಉಪಾಯಗಳಿವೆ. ಬಾಯಿ ಇಳಿಸುವ ಮೊದಲೇ ತುಂಡನ್ನು ಕುಡುಗೋಲಿನಂತೆ ಬಾಯಿಯ ಕಡೆಗೆ ಸ್ವಲ್ಪ ಬಾಗಿಸಿಕೊಂಡರೆ, ಬಡಿಯುತ್ತಾ ಹೋದಂತೆ ಅದು ತಾನಾಗಿ ನೇರವಾಗುತ್ತದೆ. ಇಲ್ಲವಾದರೆ ಪ್ರತಿ ಕಾವಿನ ಕೊನೆಯಲ್ಲಿ ಅಲಗನ್ನು ಮರದ ದಿಮ್ಮಿಯ ಮೇಲೆ ಬೆನ್ನು ಕೆಳಗಾಗಿ ನಿಲ್ಲಿಸಿ, ಮರದ ಸುತ್ತಿಗೆಯಿಂದ ಬಾಯಿಯ ಮೇಲೆ ಹಗುರವಾಗಿ ತಟ್ಟಿ ತಿದ್ದಬೇಕು. ಒಂದೇ ಅಲಗು ಮಾಡುವವರಿಗೆ ಎರಡನೆಯದು ಸಾಕು. ಆರನ್ನು ಸಮನಾಗಿ ಮಾಡಬೇಕಾದ ನಿಮಗೆ ಮೊದಲನೆಯದೇ ಸೂಕ್ತ, ಏಕೆಂದರೆ ಮುಂಚೆಯೇ ಕೊಡುವ ಬಾಗನ್ನು ಅಳೆಯಬಹುದು. ಒಂದು ಕಬ್ಬಿಣದ ತಗಡಿನ ಮೇಲೆ ಆ ಬಾಗಿನ ಗೆರೆಯನ್ನು ಗೀರಿಟ್ಟುಕೊಂಡು, ಆರೂ ತುಂಡುಗಳನ್ನು ಆ ಗೆರೆಗೆ ಹೊಂದಿಸಿದ ಮೇಲೆಯೇ ಬಾಯಿ ಇಳಿಸಲು ತೊಡಗಿರಿ. ಸರಿಯಾದ ಬಾಗು ಎಷ್ಟು ಎಂಬುದು ನಿಮ್ಮ ಸುತ್ತಿಗೆ ಮತ್ತು ಪೆಟ್ಟಿನ ಮೇಲೆ ನಿಂತಿದೆ. ಮಾದರಿ ಅಲಗನ್ನು ಬಡಿಯುವಾಗ ಅದು ತಿಳಿಯುತ್ತದೆ.

ಇನ್ನು ಕ್ರಮದ ಪ್ರಶ್ನೆ. ಮಾದರಿಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಬೀಸಿನಲ್ಲಿ ಮುಗಿಸಿ, ಉಳಿದವುಗಳನ್ನು ಹಂತ ಹಂತವಾಗಿ ಮಾಡಿರಿ. ಆರು ಬಾಲಗಳನ್ನು ಒಂದರ ಹಿಂದೆ ಒಂದು ಎಳೆಯುವಾಗ ಮೂರನೆಯ ಹೊತ್ತಿಗೆ ಕೈ ಆ ಕೆಲಸಕ್ಕೆ ಹೊಂದಿಕೊಂಡಿರುತ್ತದೆ, ಅದೇ ಇಕ್ಕಳ ಕೈಯಲ್ಲಿರುತ್ತದೆ, ಅಡಿಗಲ್ಲಿನ ಅದೇ ಅಂಚಿನಲ್ಲಿ ನಿಂತಿರುತ್ತೀರಿ. ಇಕ್ಕಳ ಬದಲಿಸಿ ಬೇರೆ ಕೆಲಸಕ್ಕೆ ಹೋಗಿ ಮರಳಿ ಬಂದರೆ ಆ ಹೊಂದಿಕೆ ಕಳೆದುಹೋಗುತ್ತದೆ. ಒಂದು ಹಂತದಲ್ಲಿ ಎಲ್ಲವನ್ನೂ ಮಾದರಿಗೆ ಹೋಲಿಸಿ, ಹಿಂದೆ ಬಿದ್ದದ್ದನ್ನು ಅಲ್ಲಿಯೇ ಸರಿಪಡಿಸದೆ ಮುಂದಿನ ಹಂತಕ್ಕೆ ಹೋಗಬೇಡಿ. ಬಾಲದ ಬುಡದಲ್ಲಿ ಉಳಿದ ವ್ಯತ್ಯಾಸವನ್ನು ಬಾಯಿ ಇಳಿಸಿದ ಮೇಲೆ ತಿದ್ದಲಾಗದು.

ತಿಪಟೂರಿನ ಹಿರಿಯರು ಪೆಟ್ಟುಗಳನ್ನು ಎಣಿಸಿ ಎಂದಿದ್ದಾರೆ. ಅವರ ಮೇಲಿನ ಗೌರವದೊಂದಿಗೆ ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ಬೆಳಿಗ್ಗೆಯ ಪೆಟ್ಟೂ ದಣಿದ ಮೇಲಿನ ಪೆಟ್ಟೂ ಒಂದೇ ಅಲ್ಲ, ಆದ್ದರಿಂದ ಹನ್ನೆರಡು ಪೆಟ್ಟು ಮುಗಿಯಿತೆಂದು ನಿಲ್ಲಿಸುವುದಕ್ಕಿಂತ ಗೇಜು ಒಳಗೆ ಹೋಯಿತೆಂದು ನಿಲ್ಲಿಸುವುದು ಸರಿ. ಕಾವುಗಳನ್ನು ಎಣಿಸುವುದನ್ನು ಮಾತ್ರ ನಾನು ಪೂರ್ಣವಾಗಿ ಒಪ್ಪುತ್ತೇನೆ.

ನೀವು ಅಭ್ಯಾಸದ ಬಗ್ಗೆಯೂ ಕೇಳಿದ್ದೀರಿ, ಮತ್ತು ನನ್ನ ಮನಸ್ಸಿಗೆ ಹತ್ತಿರವಾದ ವಿಷಯ ಅದು. ನಮ್ಮ ಮಾಲೂರಿನ ಕಡೆ ಹೆಂಚು ಮತ್ತು ಇಟ್ಟಿಗೆಗೆ ಬಳಸುವ ಜೇಡಿಮಣ್ಣು ಬೇಕಾದಷ್ಟಿದೆ. ಕಾದ ಉಕ್ಕು ಸುತ್ತಿಗೆಯಡಿಯಲ್ಲಿ ಹೇಗೆ ಹರಿಯುತ್ತದೋ ಹದವಾಗಿ ಕಲಸಿದ ಜೇಡಿಯೂ ಬಹುಮಟ್ಟಿಗೆ ಹಾಗೆಯೇ ಹರಿಯುತ್ತದೆ. ಕಾವು ಆರಿಹೋಗುವ ಅವಸರವಿಲ್ಲ, ಇದ್ದಿಲೂ ಬೇಡ. ನಿಮ್ಮ ತುಂಡಿನ ಅಳತೆಗೇ, 25ಕ್ಕೆ 6 ಮಿ.ಮೀ., ಉದ್ದ 18 ಸೆಂಟಿಮೀಟರ್, ಜೇಡಿಯ ಪಟ್ಟಿಗಳನ್ನು ಮಾಡಿಕೊಂಡು ಮೇಲ್ಮೈಯಲ್ಲಿ ಸೆಂಟಿಮೀಟರಿಗೊಂದರಂತೆ ಅಡ್ಡಗೆರೆ ಎಳೆಯಿರಿ. ಸುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿ ನಿಮ್ಮ ಎಂದಿನ ಕ್ರಮದಲ್ಲಿಯೇ ತಟ್ಟಿ ನೋಡಿ. ಸುತ್ತಿಗೆಯ ಕಿರಿದಾದ ಮೂತಿಯನ್ನು ಪಟ್ಟಿಗೆ ಅಡ್ಡಲಾಗಿ ಹಿಡಿದರೆ ಗೆರೆಗಳು ದೂರ ಸರಿಯುತ್ತವೆ, ಅಂದರೆ ಮಣ್ಣು ಉದ್ದಕ್ಕೆ ಸಾಗುತ್ತಿದೆ. ಪಟ್ಟಿಯ ಉದ್ದಕ್ಕೆ ಹಿಡಿದರೆ ಗೆರೆಗಳು ಇದ್ದಲ್ಲೇ ಇದ್ದು ಅಗಲಕ್ಕೆ ಹರಡುತ್ತದೆ. ಎಲ್ಲಿ ಗೆರೆಗಳು ಒತ್ತಾಗಿ ಉಳಿದವೋ ಅಲ್ಲಿ ನಿಮ್ಮ ಪೆಟ್ಟು ಕಡಿಮೆ ಬಿದ್ದಿದೆ ಎಂದು ತಿಳಿಯಿರಿ. ಉಕ್ಕಿನಲ್ಲಿ ಇದನ್ನು ನೋಡಲು ಸಾಧ್ಯವೇ ಇಲ್ಲ.

ಜೇಡಿಯಾದ ಮೇಲೆ ಸ್ಪ್ರಿಂಗ್ ಉಕ್ಕಿಗೆ ನೇರವಾಗಿ ಹೋಗದೆ ಸಾಧಾರಣ ಕಬ್ಬಿಣದ ಕಂಬಿಯಲ್ಲಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿರಿ. 10 ಮಿ.ಮೀ. ಚೌಕ ಕಂಬಿಯ ತುದಿಯನ್ನು ಒಂದೇ ಉದ್ದದ ಮೊನೆಗೆ ಎಳೆಯುವುದು, ಬಾಗಿಲಿನ ಕೊಂಡಿಗಳನ್ನು ಜೋಡಿ ಜೋಡಿಯಾಗಿ ಮಾಡುವುದು, ಇಂಥವು. ಅಲಗು ಎಂಬುದು ಬಾಲ, ಮೊನೆ, ಅಗಲ, ಬಾಯಿ ಎಂಬ ನಾಲ್ಕೈದು ಕೆಲಸಗಳ ಮೊತ್ತ. ಅವುಗಳಲ್ಲಿ ಒಂದೊಂದನ್ನೂ ಬೇರೆಯಾಗಿ ಸಮನಾಗಿ ಮಾಡಲು ಬಾರದೆ ಇಡೀ ಅಲಗನ್ನು ಸಮನಾಗಿ ಮಾಡಲು ಹೊರಟರೆ ದೋಷ ಎಲ್ಲಿ ಹುಟ್ಟಿತೆಂದೇ ತಿಳಿಯುವುದಿಲ್ಲ.

ಉತ್ತರ: ಮಧುಗಿರಿ ಹದ

ಬಡಿಯುವ ಬಗ್ಗೆ ಎಲ್ಲರೂ ಚೆನ್ನಾಗಿ ಬರೆದಿದ್ದಾರೆ. ಆರು ಅಲಗುಗಳ ಸಮಾನತೆ ಹದ ಕೊಡುವಾಗಲೂ ಕೆಡಬಹುದು ಎಂಬುದನ್ನು ಮಾತ್ರ ನೆನಪಿಸುತ್ತೇನೆ.

ಬಡಿದು ಮುಗಿಸಿದ ಅಲಗುಗಳನ್ನು ಮಂಕು ಕಿತ್ತಳೆಗೆ ಕಾಯಿಸಿ ಗಾಳಿಯಲ್ಲಿ ತಾನಾಗಿ ಆರಲು ಬಿಡುವುದನ್ನು ಮೂರು ಸಲ ಮಾಡಿರಿ, ಪ್ರತಿ ಸಲ ಕಾವನ್ನು ತುಸು ಇಳಿಸುತ್ತಾ ಹೋಗಿರಿ. ಬಡಿದಾಗ ಒಳಗೆ ಉಳಿದ ಬಿಗುವು ಇದರಿಂದ ಸಡಿಲವಾಗುತ್ತದೆ. ಹದದ ಕೆಲಸವನ್ನು ಬಿಸಿಲಿನಲ್ಲಿ ಮಾಡಲೇಬೇಡಿ. ನಡುಹಗಲಿನಲ್ಲಿ ಮಂಕಾಗಿ ಕಂಡ ಕೆಂಪು ಸಂಜೆಯ ಹೊತ್ತಿಗೆ ಉಜ್ವಲವಾಗಿ ಕಾಣುತ್ತದೆ, ಹೀಗಾಗಿ ಮೂರನ್ನು ಹಗಲಿನಲ್ಲೂ ಮೂರನ್ನು ಸಂಜೆಯೂ ಮಾಡಿದರೆ ಅವು ಎರಡು ಬಗೆಯ ಅಲಗುಗಳಾಗುತ್ತವೆ. ಕಣ್ಣಿನ ಜೊತೆಗೆ ಅಯಸ್ಕಾಂತವನ್ನೂ ಬಳಸಿರಿ. ಸುಮಾರು 770 ಡಿಗ್ರಿಯಲ್ಲಿ ಉಕ್ಕು ಅಯಸ್ಕಾಂತಕ್ಕೆ ಹಿಡಿಯುವುದನ್ನು ಬಿಡುತ್ತದೆ. ಸ್ಪ್ರಿಂಗ್ ಉಕ್ಕನ್ನು ಅದಕ್ಕಿಂತ ಒಂದು ಛಾಯೆ ಮೇಲಕ್ಕೆ ಕಾಯಿಸಿ ಎಣ್ಣೆಗೆ ಇಳಿಸಬೇಕು. ನೀರು ಬೇಡ, ಬಾಯಿ ಸೀಳುತ್ತದೆ.

ನಾನು ಬಳಸುವುದು ಹೊಂಗೆ ಎಣ್ಣೆ, 50ರಿಂದ 60 ಡಿಗ್ರಿಗೆ ಬೆಚ್ಚಗೆ ಮಾಡಿಕೊಂಡು. ಬೆಚ್ಚಗಿನ ಎಣ್ಣೆ ತೆಳುವಾಗಿರುವುದರಿಂದ ಅಲಗಿನ ಸುತ್ತ ಬೇಗ ಸುಳಿದು ಶಾಖವನ್ನು ಎಳೆದುಕೊಳ್ಳುತ್ತದೆ. ಇಲ್ಲಿ ಒಂದು ಲೆಕ್ಕವಿದೆ. ನಿಮ್ಮ ಅಲಗಿನಷ್ಟು ತೂಕದ ಒಂದನ್ನು 10 ಲೀಟರ್ ಎಣ್ಣೆಗೆ ಅದ್ದಿದರೆ ಎಣ್ಣೆ ಸುಮಾರು 5 ಡಿಗ್ರಿ ಏರುತ್ತದೆ. ಬಿಡುವಿಲ್ಲದೆ ಆರನ್ನೂ ಅದ್ದಿದರೆ ಕೊನೆಯದು ಇಳಿಯುವುದು ಮೊದಲನೆಯದಕ್ಕಿಂತ 25 ಡಿಗ್ರಿ ಹೆಚ್ಚು ಬಿಸಿಯಾದ ಎಣ್ಣೆಗೆ. ಒಂದು ಥರ್ಮಾಮೀಟರ್ ಇಟ್ಟುಕೊಂಡು ಎಣ್ಣೆ ಮೊದಲಿನ ಮಟ್ಟಕ್ಕೆ ಇಳಿದ ಮೇಲೆಯೇ ಮುಂದಿನದನ್ನು ಅದ್ದಿರಿ.

ಸೊಟ್ಟಗಾಗುವುದರ ಬಗ್ಗೆ: ಬಡಿಯುವಾಗ ಎರಡೂ ಮೈಗೆ ಸಮನಾಗಿ ಪೆಟ್ಟು ಬೀಳದಿದ್ದರೆ ಅದು ಇಲ್ಲಿ ಹೊರಗೆ ಬರುತ್ತದೆ. ಅಲಗನ್ನು ನೆಟ್ಟಗೆ ಇಳಿಸಿ, ಮೇಲೆ ಕೆಳಗೆ ಆಡಿಸಬಹುದೇ ಹೊರತು ಪಕ್ಕಕ್ಕೆ ಅಲ್ಲಾಡಿಸಬಾರದು. ಕೊನೆಯಲ್ಲಿ ಆರನ್ನೂ ಒಟ್ಟಿಗೆ ಓವನ್‌ನಲ್ಲಿ ಇಟ್ಟು 200ರಿಂದ 220 ಡಿಗ್ರಿಯಲ್ಲಿ ಎರಡು ಗಂಟೆ, ಆರಿಸಿ ಮತ್ತೊಮ್ಮೆ ಎರಡು ಗಂಟೆ ಕಾಯಿಸಿರಿ. ಉಜ್ಜಿ ಬೆಳ್ಳಗೆ ಮಾಡಿದ ಜಾಗದಲ್ಲಿ ತೆಳು ಹುಲ್ಲಿನ ಬಣ್ಣ ಬರುತ್ತದೆ. ಬೆಂಕಿಯ ಮೇಲೆ ಒಂದೊಂದಾಗಿ ಬಣ್ಣ ನೋಡಿ ಇಳಿಸುವುದಕ್ಕಿಂತ ಈ ಕೆಲಸಕ್ಕೆ ಇದೇ ಉತ್ತಮ.

ತಿಪಟೂರು ಇದ್ದಿಲು

ಮಾಲೂರಿನವರ ಮಾತಿಗೆ ಒಂದು ಉತ್ತರ ಕೊಡಬೇಕು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಗೇಜು ಹೇಳಬೇಕು ಎಂಬುದನ್ನು ಒಪ್ಪುತ್ತೇನೆ. ನಾನು ಪೆಟ್ಟು ಎಣಿಸುವುದು ನಿಲ್ಲಿಸುವುದಕ್ಕಲ್ಲ, ಗಮನಿಸುವುದಕ್ಕೆ. ಹತ್ತು ಹನ್ನೆರಡು ಪೆಟ್ಟಿಗೆ ಬರುತ್ತಿದ್ದ ದಪ್ಪ ಒಂದು ತುಂಡಿನಲ್ಲಿ ಹದಿನೆಂಟಕ್ಕೆ ಬಂದರೆ, ಅದು ಸಾಕಷ್ಟು ಕಾದಿರಲಿಲ್ಲ ಅಥವಾ ನನ್ನ ತೋಳು ದಣಿದಿದೆ ಎಂದು ಆಗಲೇ ತಿಳಿಯುತ್ತದೆ, ಮತ್ತು ಆ ದಿನಕ್ಕೆ ಸುತ್ತಿಗೆ ಕೆಳಗಿಡುತ್ತೇನೆ.

ಶಿಡ್ಲಘಟ್ಟದವರಿಗೆ ಇನ್ನು ಎರಡು ಮಾತು. ಆರು ಬೇಕಾದರೆ ಮಾದರಿಯನ್ನೂ ಸೇರಿಸಿ ಎಂಟು ತುಂಡು ಕತ್ತರಿಸಿರಿ. ಕೈಯ ಕೆಲಸದಲ್ಲಿ ಉದ್ದಕ್ಕೆ 2 ಮಿ.ಮೀ., ತೂಕಕ್ಕೆ 5 ಗ್ರಾಂ ಆಚೀಚೆ ಇರಬಹುದೆಂದು ಕೇಂದ್ರದವರೊಂದಿಗೆ ಮೊದಲೇ ಮಾತಾಡಿಕೊಂಡು, ಸಾಣೆ ಹಿಡಿದ ಮೇಲೆ ಏಳರಲ್ಲಿ ಹೆಚ್ಚು ಹೊಂದುವ ಆರನ್ನು ಆರಿಸಿರಿ. ಹಿಡಿಗೆ ಒಂದೇ ಮರದಿಂದ ತೆಗೆದ, ಚೆನ್ನಾಗಿ ಒಣಗಿದ ಜಾಲಿ ತುಂಡುಗಳನ್ನೇ ಬಳಸಿ, ಅವನ್ನೂ ತೂಗಿ, ಹಗುರವಾದ ಅಲಗಿಗೆ ತುಸು ಹಗುರವಾದ ಹಿಡಿಯನ್ನು ಹಾಕಿದರೆ ತೂಗುವ ಬಿಂದು ಎಲ್ಲದರಲ್ಲೂ ಒಂದೇ ಕಡೆ ಬರುತ್ತದೆ. ಅರದ ಅಂಚಿನ ಮೇಲೆ ಕತ್ತಿಯನ್ನು ಅಡ್ಡಲಾಗಿಟ್ಟು ಆ ಬಿಂದುವನ್ನು ಗುರುತಿಸಿಕೊಳ್ಳಿ, ಕೆಲಸಗಾರರ ಕೈಗೆ ಮೊದಲು ತಿಳಿಯುವುದು ಅದೇ. ಮಾದರಿ ಅಲಗನ್ನು ಮಾತ್ರ ಯಾರಿಗೂ ಕೊಡಬೇಡಿ. ಗೇಜುಗಳು ಮತ್ತು ಬಾಗಿನ ಗೆರೆ ಗೀರಿದ ತಗಡಿನೊಂದಿಗೆ ಎಣ್ಣೆ ಸವರಿ ಕಟ್ಟಿಡಿ. ಒಂದೆರಡು ವರ್ಷ ಬಿಟ್ಟು ಅವರು ಇನ್ನೂ ಎರಡು ಕತ್ತಿ ಕೇಳಿದಾಗ ಅದೇ ಆರಕ್ಕೆ ಹೊಂದುವಂತೆ ಬಡಿದುಕೊಡಬೇಕಾಗುತ್ತದೆ.